ಕೂಸಿನ ಕೌದಿ: ಹಳೆಯ ಅರಿವೆ, ಹೊಲಿಗೆ ಮತ್ತು ಬಂಧುತ್ವ

ಉತ್ತರ ಕರ್ನಾಟಕದ ಜನಪದ ಕರಕುಶಲ ಕಲೆಗಳ ಅಧ್ಯಯನದಲ್ಲಿ ಕಸೂತಿಗೆ ದೊರೆತಷ್ಟು ಗಮನ ಕೌದಿಗೆ ದೊರೆತಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಸೂತಿಯು ಮೈಮೇಲೆ ತೊಟ್ಟು ನಾಲ್ಕು ಜನರ ಮುಂದೆ ಮೆರೆಯುವ ಕಲೆ. ಕೌದಿಯಾದರೋ ಮನೆಯೊಳಗೆ ಹಾಸುವ, ಹೊದೆಯುವ, ಬೆಳಗಾದೊಡನೆ ಮಡಿಚಿ ಮೂಲೆಗೆ ಒಟ್ಟುವ ವಸ್ತು. ಅದರಲ್ಲಿಯೂ ಕೂಸಿಗಾಗಿ ಹೊಲಿಯುವ ಚಿಕ್ಕ ಕೌದಿ ಅಧ್ಯಯನಕಾರರ ಕಣ್ಣಿಗೆ ಬೀಳುವುದು ಇನ್ನೂ ವಿರಳ. ಅದು ಕೆಲವೇ ವರ್ಷ ಬಾಳಿ, ಒಗೆದು ಒಗೆದು ಸವೆದು, ಕೊನೆಗೆ ನೆಲ ಒರೆಸುವ ಅರಿವೆಯಾಗಿ ಮುಗಿದುಹೋಗುತ್ತದೆ. ಅದನ್ನು ಹೊಲಿಯುವ ವಿಧಾನವನ್ನು ವಿವರಿಸುವುದು, ಆ ಮೂಲಕ ಈ ಪುಟ್ಟ ವಸ್ತು ನಿಜವಾಗಿ ಯಾರನ್ನು ಸಂತೈಸುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಆಶಯವಾಗಿದೆ.

ಹೆಸರು ಮತ್ತು ಹರವು

ಹಳೆಯ ಅರಿವೆಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿದ ಹಾಸು-ಹೊದಿಕೆಗೆ ಕನ್ನಡದಲ್ಲಿ ಕೌದಿ, ಕವದಿ, ಕವುದಿ ಎಂಬ ರೂಪಗಳಿವೆ. ಬೊಂತೆ ಎಂಬ ಮಾತೂ ಇದೇ ಅರ್ಥವನ್ನು ಕೊಡುತ್ತದೆ. ಸಂಸ್ಕೃತದ ಕಂಥಾ ಎಂಬ ಶಬ್ದ ವಿರಕ್ತರು ಹೊದೆಯುವ ತೇಪೆಯ ಬಟ್ಟೆಯನ್ನು ಸೂಚಿಸುತ್ತದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಇವೆಲ್ಲ ಇದೇ ಬಳಗಕ್ಕೆ ಸೇರುತ್ತವೆ. ಸವೆದ ಬಟ್ಟೆಯನ್ನು ಎಸೆಯದೆ ಅದಕ್ಕೆ ಎರಡನೆಯ ಜನ್ಮ ಕೊಡುವುದು ಇವುಗಳ ಸಮಾನ ಗುಣ.

ಕರ್ನಾಟಕದಲ್ಲಿ ಕೌದಿ ಹೊಲಿಯುವವರಲ್ಲಿ ಎರಡು ಬಗೆಯವರನ್ನು ಕಾಣಬಹುದು. ಒಂದು, ತಮ್ಮ ಮನೆಗಾಗಿ ಹೊಲಿದುಕೊಳ್ಳುವ ಒಕ್ಕಲು ಮನೆತನದ ಹೆಂಗಸರು. ಇನ್ನೊಂದು, ಊರೂರಿಗೆ ಬಂದು, ಮನೆಯವರು ಕೊಡುವ ಹಳೆಯ ಸೀರೆ-ಧೋತರಗಳನ್ನು ಪಡೆದು ಕೂಲಿಗೆ ಹೊಲಿದುಕೊಡುವ ಗೊಂದಳಿ ಮೊದಲಾದ ಅಲೆಮಾರಿ ಸಮುದಾಯಗಳ ಮಹಿಳೆಯರು. ದೊಡ್ಡವರ ಕೌದಿಯನ್ನು ಕೂಲಿಗೆ ಕೊಡುವ ಮನೆಗಳಲ್ಲಿಯೂ ಕೂಸಿನ ಕೌದಿಯನ್ನು ಅಜ್ಜಿಯೋ ಸೋದರತ್ತೆಯೋ ತಾವೇ ಹೊಲಿಯಲು ಬಯಸುವುದುಂಟು. ಅದು ಚಿಕ್ಕದು, ಒಬ್ಬರ ತೊಡೆಯ ಮೇಲೆ ಹಿಡಿಯುವಂಥದು. ಅದಕ್ಕೂ ಮಿಗಿಲಾಗಿ, ಯಾವ ಅರಿವೆ ಸೇರಬೇಕು ಎಂಬ ತೀರ್ಮಾನ ಮನೆಯವರದೇ ಆಗಿರುತ್ತದೆ.

ಅರಿವೆಯ ಆಯ್ಕೆ

ಕೂಸಿಗೆ ಹೊಸ ಬಟ್ಟೆಗಿಂತ ಹಳೆಯ ಅರಿವೆಯೇ ಲೇಸು ಎಂಬ ತಿಳಿವಳಿಕೆ ಜನಪದರಲ್ಲಿ ಬಲವಾಗಿದೆ. ಇದನ್ನು ಬಡತನದ ಅನಿವಾರ್ಯತೆ ಎಂದು ಬಗೆಯುವುದು ಸರಿಯಲ್ಲ. ಉಳ್ಳವರ ಮನೆಯಲ್ಲಿಯೂ ಈ ರೂಢಿ ಇದೆ. ಹೊಸ ನೂಲಿನ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಅದು ಗಡಸು, ನೀರನ್ನು ಬೇಗ ಹೀರುವುದಿಲ್ಲ. ನೂರಾರು ಸಲ ಒಗೆಸಿಕೊಂಡ ಹತ್ತಿಯ ಸೀರೆಯಲ್ಲಿ ಗಂಜಿ ಪೂರ್ತಿ ಹೋಗಿ, ಎಳೆಗಳು ಮೆದುವಾಗಿ, ಹಸಿಯನ್ನು ಕೂಡಲೇ ಎಳೆದುಕೊಳ್ಳುವ ಗುಣ ಬಂದಿರುತ್ತದೆ. ಬಿಡುವ ಬಣ್ಣವೆಲ್ಲ ಅಷ್ಟು ಹೊತ್ತಿಗೆ ಬಿಟ್ಟಿರುತ್ತದೆ. ಎಳೆಗೂಸಿನ ಚರ್ಮಕ್ಕೆ ಇದಕ್ಕಿಂತ ಹಿತವಾದುದು ಇನ್ನೊಂದಿಲ್ಲ. ಇದರ ಜೊತೆಗೆ ನಂಬಿಕೆಯೂ ಸೇರಿಕೊಂಡಿದೆ. ಹೊಸತು, ಹೊಳೆಯುವಂಥದು ದೃಷ್ಟಿಯನ್ನು ಸೆಳೆಯುತ್ತದೆ. ಹಳೆಯ ತುಂಡುಗಳಿಂದಾದುದು ಕೂಸನ್ನು ಮರೆಮಾಡುತ್ತದೆ ಎಂಬುದು ಆ ನಂಬಿಕೆ.

ಒಂದು ಕೂಸಿನ ಕೌದಿಗೆ ಬೇಕಾಗುವ ಅರಿವೆ ಅಲ್ಪ. ಸುಮಾರು ಒಂದು ಮೀಟರು ಉದ್ದ, ಮುಕ್ಕಾಲು ಮೀಟರು ಅಗಲದ ಮೂರು ಪದರಿನ ಕೌದಿಗೆ ಎರಡೂಕಾಲು ಚದರ ಮೀಟರು ಬಟ್ಟೆ ಸಾಕು. ಒಂಬತ್ತು ಗಜದ ಸೀರೆಯೊಂದರಲ್ಲಿ ಇದರ ನಾಲ್ಕರಷ್ಟು ಬಟ್ಟೆ ಇರುತ್ತದಾದರೂ, ಕೂತು ಎದ್ದು ಸವೆದ ಭಾಗವನ್ನು ಕಳೆದರೆ ಎರಡು ಕೌದಿಗೆ ಆಗುವಷ್ಟು ಗಟ್ಟಿ ಅರಿವೆ ಉಳಿಯುತ್ತದೆ. ಇಳಕಲ್ಲ ಸೀರೆಯಾದರೆ ಒಡಲನ್ನು ಒಳಪದರಕ್ಕೂ, ಹೆಚ್ಚು ಬಾಳಿಕೆಯ ದಡಿಯನ್ನು ಅಂಚಿಗೂ ಬಳಸುತ್ತಾರೆ. ಕುಬಸ ಹೊಲಿದು ಉಳಿದ ಖಣದ ತುಂಡುಗಳು ಮೇಲಿನ ತೇಪೆಗಳಾಗುತ್ತವೆ. ಒಳಗೆ ಅಜ್ಜನ ಧೋತರದ ಬಿಳಿಯ ಪದರ ಕೂಡಬಹುದು. ಹೀಗೆ ಮನೆಯ ಹಿರಿಯರ ಮೈ ಮುಟ್ಟಿದ ಅರಿವೆಗಳು ಕೂಸಿನ ಮೈಯನ್ನು ಮುಟ್ಟುತ್ತವೆ.

ಹೊಲಿಯುವ ವಿಧಾನ

ಮೊದಲು ಅರಿವೆಗಳ ಹಳೆಯ ಹೊಲಿಗೆಗಳನ್ನು ಬಿಚ್ಚಿ, ಬಿಸಿನೀರಿನಲ್ಲಿ ಸೋಡ ಹಾಕಿ ಕುದಿಸಿ, ಒಗೆದು, ಬಿರುಬಿಸಿಲಿನಲ್ಲಿ ಒಣಗಿಸುತ್ತಾರೆ. ಈ ಹಂತದಲ್ಲಿಯೇ ಅರಿವೆಯ ಗಟ್ಟಿತನದ ಪರೀಕ್ಷೆಯೂ ಆಗುತ್ತದೆ. ಎರಡು ಕೈಯಲ್ಲಿ ಹಿಡಿದು ಜಗ್ಗಿದಾಗ ಹರಿಯುವ ಭಾಗವನ್ನು ತೆಗೆದುಹಾಕುತ್ತಾರೆ.

ನಂತರ ಸ್ವಚ್ಛ ನೆಲದ ಮೇಲೆ ಅಡಿಯ ಪದರವನ್ನು ಹಾಸಿ, ಸುಕ್ಕಿಲ್ಲದಂತೆ ಅಂಗೈಯಿಂದ ತೀಡಿ, ನಾಲ್ಕು ಮೂಲೆಗೆ ಭಾರವಾದ ವಸ್ತುಗಳನ್ನು ಇಡುತ್ತಾರೆ. ಅದರ ಮೇಲೆ ಒಳಪದರ, ಮತ್ತೆ ಮೇಲುಪದರ. ಪದರಗಳು ಜಾರದಂತೆ ಗೇಣುದ್ದದ ಸಡಿಲ ಟಾಕಿಗಳನ್ನು ಹಾಕುವುದು ಮುಂದಿನ ಕೆಲಸ. ಈ ಟಾಕಿಗಳನ್ನು ಕೊನೆಯಲ್ಲಿ ಬಿಚ್ಚಿ ತೆಗೆಯಲಾಗುತ್ತದೆ. ಮೇಲುಪದರದ ಮೇಲೆ ಚೌಕ, ಪಟ್ಟೆ, ಮುಕ್ಕೋನದ ತೇಪೆಗಳನ್ನು ಅಂಚು ಒಳಮಡಿಚಿ ಕೂಡಿಸುತ್ತಾರೆ. ನಾಲ್ಕೂ ಬದಿಯನ್ನು ಒಳಗೆ ಮಡಿಚಿ ದಡಿಯ ಪಟ್ಟಿಯಿಂದ ಕಟ್ಟುತ್ತಾರೆ.

ಇಲ್ಲಿಂದ ಮುಂದಿನದು ನಿಜವಾದ ಹೊಲಿಗೆ. ಅದು ಸರಳವಾದ ಓಟದ ಹೊಲಿಗೆ. ಸೂಜಿ ಮೇಲೆ ಕೆಳಗೆ ಮುಳುಗೇಳುತ್ತ ಸಾಗುತ್ತದೆ. ಪ್ರತಿ ಹೊಲಿಗೆ ಜೋಳದ ಕಾಳಿನಷ್ಟು, ಎರಡು ಸಾಲುಗಳ ನಡುವೆ ಒಂದು ಬೆರಳಿನಷ್ಟು ಅಂತರ ಇರುತ್ತದೆ. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಬರುವುದು ಒಂದು ಕ್ರಮ. ಉದ್ದಕ್ಕೆ ಸಮಾನ ಸಾಲುಗಳಲ್ಲಿ ಹೋಗುವುದು ಇನ್ನೊಂದು. ಎರಡರ ಉದ್ದೇಶವೂ ಒಂದೇ. ಸಾಲು ಹತ್ತಿರವಿದ್ದಷ್ಟೂ ಪದರಗಳು ಒಗೆತಕ್ಕೆ ಗುಂಪುಗೂಡದೆ ನಿಲ್ಲುತ್ತವೆ. ಸಾಲುಗಳ ನಡುವೆ ಉಬ್ಬಿದ ಜಾಗದಲ್ಲಿ ಗಾಳಿ ಸೆರೆಯಾಗಿ ಬೆಚ್ಚಗಿಡುತ್ತದೆ. ಒಂದು ತೇಪೆ ಹರಿದರೂ ಹೊಲಿಗೆಯ ಜಾಲ ಉಳಿದುದನ್ನು ಹಿಡಿದಿಡುತ್ತದೆ.

ದೊಡ್ಡವರ ಕೌದಿಗೂ ಕೂಸಿನ ಕೌದಿಗೂ ಇರುವ ವ್ಯತ್ಯಾಸಗಳು ಗಮನಾರ್ಹ. ಕೂಸಿನದರಲ್ಲಿ ಎರಡರಿಂದ ನಾಲ್ಕು ಪದರಗಳಿಗಿಂತ ಹೆಚ್ಚು ಇರಬಾರದು. ದಿನಕ್ಕೆ ಹಲವು ಸಲ ಒದ್ದೆಯಾಗುವ ವಸ್ತು ಒಂದೇ ಬಿಸಿಲಿಗೆ ಒಣಗಬೇಕು. ದಪ್ಪವಾದರೆ ಒಳಗೆ ಹಸಿ ಉಳಿದು ವಾಸನೆ ಬರುತ್ತದೆ. ದಾರದ ಗಂಟು ಹೊರಗೆ ಕಾಣದಂತೆ ಪದರಗಳ ನಡುವೆ ಅಡಗಬೇಕು. ಇಲ್ಲವಾದರೆ ಮೈಗೆ ಒತ್ತುತ್ತದೆ. ಕನ್ನಡಿ, ಕವಡೆ, ಗುಂಡಿ, ಮಣಿ ಯಾವುದೂ ಕೂಡದು. ಕೂಸು ಕೈಗೆ ಸಿಕ್ಕುದನ್ನೆಲ್ಲ ಬಾಯಿಗೆ ಒಯ್ಯುವುದೆಂಬುದು ಹೊಲಿಯುವವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹೀಗೆ ಅಲಂಕಾರದ ಅವಕಾಶ ಕಡಿಮೆಯಾದಾಗ ಬಣ್ಣದ ಜೋಡಣೆಯೊಂದೇ ಕಲೆಯ ನೆಲೆಯಾಗುತ್ತದೆ.

ಸಿದ್ದಿ ಮಹಿಳೆಯರ ಕೌದಿ

ಕೂಸಿನ ಕೌದಿಯ ಕಲಾತ್ಮಕತೆಯನ್ನು ಕಾಣಲು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದತ್ತ ನೋಡಬೇಕು. ಆಫ್ರಿಕ ಮೂಲದ ಸಿದ್ದಿಯರು ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ಮೂರೂ ಕಡೆಯ ಹೆಂಗಸರು ಕೌದಿ ಹೊಲಿಯುವ ರೀತಿಯಲ್ಲಿ ಆಳವಾದ ಸಾಮ್ಯವಿದೆ.

ಅವರು ಅಡಿಗೆ ಹಾಸಿದ ಸೀರೆಯ ಮೇಲೆ ಒಂದು ಮೂಲೆಯಿಂದ ತೇಪೆಗಳನ್ನು ಇಡುತ್ತ, ಹೊಲಿಯುತ್ತ, ಅಂಚಿನುದ್ದಕ್ಕೆ ಸಾಗಿ ಸುತ್ತುಸುತ್ತಾಗಿ ನಡುವನ್ನು ಮುಟ್ಟುತ್ತಾರೆ. ತೇಪೆ ಕೂಡಿಸುವುದು, ಪದರ ಹೊಲಿಯುವುದು ಎಂಬ ಎರಡು ಹಂತಗಳು ಇಲ್ಲಿ ಒಂದೇ ಆಗುತ್ತವೆ. ಮುಂಚಿತವಾಗಿ ಬರೆದುಕೊಂಡ ವಿನ್ಯಾಸವಿಲ್ಲ. ಕೈಗೆ ಸಿಕ್ಕ ತುಂಡು ಮುಂದಿನ ತುಂಡನ್ನು ಕರೆಯುತ್ತದೆ. ಮಕ್ಕಳ ಕೌದಿಯಲ್ಲಿ ದೊಡ್ಡ ತೇಪೆಗಳ ಮೇಲೆ ಕಡುಬಣ್ಣದ ಚಿಕ್ಕಚಿಕ್ಕ ಚೂರುಗಳನ್ನು ಹೇರಳವಾಗಿ ಕೂಡಿಸುವುದು ಅವರ ವೈಶಿಷ್ಟ್ಯ. ನಾಲ್ಕು ಮೂಲೆಗಳಲ್ಲಿ ಪದರಪದರವಾಗಿ ಮಡಿಚಿದ ಮುಕ್ಕೋನದ ಹೂಗಳಿರುತ್ತವೆ. ಹೂವಿಲ್ಲದ ಕೌದಿ ಬೆತ್ತಲೆ, ಅಪೂರ್ಣ ಎಂಬ ಭಾವನೆ ಅವರಲ್ಲಿದೆ. ನಡುವಿನ ಕೊನೆಯ ತೇಪೆಯನ್ನು ಮುಚ್ಚುವ ಮೊದಲು ಅದರಡಿಯಲ್ಲಿ ಕೆಲವು ಅಕ್ಕಿಕಾಳುಗಳನ್ನು ಇಡುವ ಆಚರಣೆಯೂ ಇದೆ. ಇದನ್ನು ಕೌದಿಯ ಹೊಟ್ಟೆ ತುಂಬಿಸುವುದೆಂದು ತಿಳಿಯುತ್ತಾರೆ. ಕೌದಿ ಕೇವಲ ವಸ್ತುವಲ್ಲ. ಅದಕ್ಕೂ ಒಡಲಿದೆ, ಹಸಿವಿದೆ. ತನ್ನ ಹೊಟ್ಟೆ ತುಂಬಿದ ಕೌದಿಯಷ್ಟೇ ಇನ್ನೊಂದು ಜೀವವನ್ನು ಬೆಚ್ಚಗಿಡಬಲ್ಲದು ಎಂಬ ಅರ್ಥವನ್ನು ಇದರಿಂದ ಗ್ರಹಿಸಬಹುದು.

ತೊಟ್ಟಿಲು ಮತ್ತು ತವರು

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿ ಕರ್ನಾಟಕದುದ್ದಕ್ಕೂ ಇದೆ. ಬಾಣಂತನದ ದಿನಗಳಲ್ಲಿ ಎರೆಯುವುದು, ಮೈ ತೀಡುವುದು, ಬೆಚ್ಚಗೆ ಸುತ್ತುವುದು ಎಲ್ಲವೂ ತಾಯಿಯ ತಾಯಿಯ ಕೈಯಲ್ಲಿ ನಡೆಯುತ್ತವೆ. ಹನ್ನೆರಡನೆಯ ಇಲ್ಲವೆ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಕುಲಾವಿ, ಕುಂಚಿಗೆಗಳೊಡನೆ ಕೌದಿಯೂ ಸಿದ್ಧವಾಗಿರುತ್ತದೆ. ಕೆಲವು ತಿಂಗಳುಗಳ ಬಳಿಕ ಬಾಣಂತಿ ಗಂಡನ ಮನೆಗೆ ಮರಳುವಾಗ ತೊಟ್ಟಿಲಿನೊಡನೆ ಅದೂ ಹೋಗುತ್ತದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಲ್ಲಿ ತವರಿನ ಹಾಡುಗಳೂ ಕೂಸಿನ ಹಾಡುಗಳೂ ಒಂದೇ ದನಿಯ ಎರಡು ಮುಖಗಳಂತೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ತಾಯಿಯಾದವಳಲ್ಲಿ ಮಗಳ ಹಂಬಲ ಮುಗಿದಿರುವುದಿಲ್ಲ.

ಸಾಂತ್ವನ ಯಾರಿಗೆ?

ಮಕ್ಕಳು ಒಂದು ಹೊದಿಕೆಯನ್ನೋ ಬಟ್ಟೆಯ ತುಂಡನ್ನೋ ಬಿಡದೆ ಹಿಡಿದುಕೊಂಡು ಸಮಾಧಾನ ಪಡೆಯುವುದನ್ನು ಬ್ರಿಟಿಷ್ ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1953ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಅವರ ಪ್ರಕಾರ ಆ ವಸ್ತು ತಾಯಿಗೂ ಹೊರಜಗತ್ತಿಗೂ ನಡುವಿನ ಸೇತುವೆ. ತಾಯಿ ಬಳಿಯಲ್ಲಿಲ್ಲದ ಹೊತ್ತಿನಲ್ಲಿ ಮಗು ಅದನ್ನು ಆಸರೆಯಾಗಿ ಆರಿಸಿಕೊಳ್ಳುತ್ತದೆ. ಈ ವಿವರಣೆಯನ್ನು ಕೌದಿಗೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ಕೂಸು ತಾಯಿಯ ಇಲ್ಲವೆ ಅಜ್ಜಿಯ ಮಗ್ಗುಲನ್ನು ಬಿಟ್ಟು ಪ್ರತ್ಯೇಕ ಕೋಣೆಯಲ್ಲಿ ಮಲಗುವುದಿಲ್ಲ. ಅಲ್ಲದೆ ವಸ್ತುವನ್ನು ಆರಿಸುವುದು ಕೂಸಲ್ಲ, ಹಿರಿಯರು.

ಕೌದಿಯ ಸಾಂತ್ವನಕ್ಕೆ ಎರಡು ನೆಲೆಗಳಿವೆ. ಕೂಸಿಗೆ ಅದು ಸ್ಪರ್ಶದ ಸುಖ. ಅದರ ತೇಪೆ ಯಾರ ಸೀರೆಯದೆಂಬುದು ಕೂಸಿಗೆ ತಿಳಿಯದು. ಕುದಿಸಿ ಒಗೆದ ಅರಿವೆಯಲ್ಲಿ ಹಳೆಯ ವಾಸನೆಯೂ ಉಳಿದಿರುವುದಿಲ್ಲ. ಅದು ತಿಳಿಯುವುದು ಬಾಣಂತಿಗೆ. ಗಂಡನ ಮನೆಯಲ್ಲಿ ಕೂಸನ್ನು ಮಲಗಿಸುವಾಗಲೆಲ್ಲ ಆಕೆಯ ಕಣ್ಣೆದುರು ಅವ್ವನ ಸೀರೆಯ ದಡಿ, ತೀರಿಹೋದ ಅಜ್ಜಿಯ ಕುಬಸದ ಖಣ, ತನ್ನದೇ ಮದುವೆಯ ಮುಂಚಿನ ಲಂಗದ ಚೂರು ತೆರೆದುಕೊಳ್ಳುತ್ತವೆ. ಕೂಸಿನ ಹೆಸರಿನಲ್ಲಿ ಹೊಲಿದ ಕೌದಿ ತಾಯಿಯನ್ನು ಸಂತೈಸುತ್ತದೆ. ತವರು ಮಗಳಿಗೆ ಬಹಿರಂಗವಾಗಿ ಕೊಡಲಾಗದ ಆಸರೆಯನ್ನು ಮೊಮ್ಮಗುವಿನ ಮೂಲಕ ಕಳುಹಿಸುವ ಬಗೆ ಇದು. ಮುಂದೆ ಮಗು ಮಾತು ಕಲಿತಾಗ ಇದು ಯಾರದು, ಅದು ಯಾರದು ಎಂದು ಬೆರಳಿಟ್ಟು ಕೇಳುತ್ತದೆ. ಆಗ ಕೌದಿ ಬಂಧುತ್ವದ ಮೊದಲ ಪಾಠವಾಗುತ್ತದೆ.

ಬದಲಾದ ಅರಿವೆ, ಬದಲಾದ ಕೌದಿ

ಪಾಲಿಯೆಸ್ಟರ್ ಮೊದಲಾದ ಕೃತಕ ನೂಲಿನ ಸೀರೆಗಳು ಹಳ್ಳಿಗಳನ್ನು ವ್ಯಾಪಿಸಿದ ಮೇಲೆ ಕೌದಿಯ ಮೂಲದ್ರವ್ಯವೇ ಬದಲಾಗಿದೆ. ಅವು ಬೇಗ ಸವೆಯುವುದಿಲ್ಲ, ಸವೆಯದುದು ಮೆದುವಾಗುವುದಿಲ್ಲ, ಹಸಿಯನ್ನು ಹೀರುವುದೂ ಇಲ್ಲ. ಕೂಸಿಗಾಗಿ ಹೊಲಿಯುವವರು ಹತ್ತಿಯ ಅರಿವೆಯನ್ನು ಹುಡುಕಬೇಕಾಗಿದೆ. ಇನ್ನೊಂದೆಡೆ ಕೌದಿ ಪಟ್ಟಣಗಳ ಮಾರುಕಟ್ಟೆಗೆ ಬಂದಿದೆ. ಹೊಲಿಯುವವರಿಗೆ ಆದಾಯ ಬರುವುದು ಸ್ವಾಗತಾರ್ಹವೇ. ಆದರೆ ಕೊಳ್ಳುವವರ ಅಪೇಕ್ಷೆಗೆ ತಕ್ಕಂತೆ ಹೊಸ ಬಟ್ಟೆಯನ್ನು ಕತ್ತರಿಸಿ ಹೊಲಿದಾಗ ರೂಪ ಉಳಿಯುತ್ತದೆ, ನೆನಪು ಉಳಿಯುವುದಿಲ್ಲ.

ಬಳಕೆಯ ಕ್ರಮದಲ್ಲಿಯೂ ಎಚ್ಚರ ಅಗತ್ಯ. ಒಂದು ವರ್ಷದೊಳಗಿನ ಶಿಶು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆಯ ಹಾಸುಗಳು ಇರಬಾರದು, ಉಸಿರುಕಟ್ಟುವ ಅಪಾಯವಿದೆ ಎಂಬುದು ಇಂದಿನ ಮಕ್ಕಳ ವೈದ್ಯರ ಸಲಹೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಪರಿಷ್ಕೃತ ಸೂಚನೆಗಳಲ್ಲಿಯೂ ಇದನ್ನು ದೃಢಪಡಿಸಿದೆ. ಆದ್ದರಿಂದ ಮೊದಲ ವರ್ಷ ಕೌದಿಯ ಸ್ಥಾನ ಎಚ್ಚರವಿರುವ ಕೂಸಿನ ಅಡಿಯಲ್ಲಿ, ಎತ್ತಿಕೊಂಡವರ ತೊಡೆಯ ಮೇಲೆ, ಎಣ್ಣೆ ತೀಡುವ ಹಾಸಿನಲ್ಲಿ. ರಾತ್ರಿಯ ಹೊದಿಕೆಯಾಗುವ ಕಾಲ ಆಮೇಲಿನದು. ಇದರಿಂದ ಕೌದಿಯ ಅರ್ಥಕ್ಕೆ ಕುಂದಿಲ್ಲ.

ಒಟ್ಟಾರೆ ಹೇಳುವುದಾದರೆ, ಕೂಸಿನ ಕೌದಿಯನ್ನು ಬಣ್ಣ, ಆಕಾರ, ಹೊಲಿಗೆಗಳ ದೃಷ್ಟಿಯಿಂದ ಮಾತ್ರ ದಾಖಲಿಸಿದರೆ ಅಧ್ಯಯನ ಅರ್ಧದಲ್ಲಿಯೇ ನಿಲ್ಲುತ್ತದೆ. ಸಂಗ್ರಹಾಲಯದ ಚೀಟಿಯಲ್ಲಿ ಊರು, ಅಳತೆ, ಕಾಲಗಳ ಜೊತೆಗೆ ಪ್ರತಿಯೊಂದು ತೇಪೆ ಯಾರ ಅರಿವೆಯದು, ಹೊಲಿದವರಿಗೂ ಕೂಸಿಗೂ ಏನು ಸಂಬಂಧ, ಯಾವ ಮನೆಯಿಂದ ಯಾವ ಮನೆಗೆ ಅದು ಹೋಯಿತು ಎಂಬ ವಿವರಗಳೂ ಸೇರಬೇಕು. ಈ ವಿವರಗಳು ಅರಿವೆಯಲ್ಲಿ ಬರೆದಿರುವುದಿಲ್ಲ. ಹೊಲಿದ ಅಜ್ಜಿಯರ ಬಾಯಲ್ಲಿವೆ. ಕೌದಿ ಇನ್ನೂ ಕೆಲವು ವರ್ಷ ಬಾಳೀತು; ಅವರನ್ನು ಕೇಳುವ ಕೆಲಸ ಮಾತ್ರ ತಡವಾಗಬಾರದು.