ಮೂರೇ ಗೆಲುವು, ಲೆಕ್ಕದಲ್ಲಿ 63 ಅಂಕ ಲಾಭ!

ಒಂದು ತಂಡ ಋತುವಿನಲ್ಲಿ 12 ಪಂದ್ಯ ಆಡಿತು. ಗಳಿಸಿದ್ದು ಒಟ್ಟು 335 ಅಂಕ, ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು 272. ಅಂದರೆ 63 ಅಂಕ ಲಾಭ. ಹಾಗಿದ್ದರೆ ಎಷ್ಟು ಪಂದ್ಯ ಗೆದ್ದಿರಬಹುದು? ಏಳು ಎನ್ನುತ್ತೀರಾ, ಎಂಟು ಎನ್ನುತ್ತೀರಾ? ಗೆದ್ದಿದ್ದು ಮೂರೇ ಮೂರು. ಉಳಿದ ಒಂಬತ್ತರಲ್ಲೂ ಸೋಲು.

ಇದು ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 2021ರ ಕಥೆ. ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡ ಬಂದವರನ್ನು ಗುದ್ದಿ ಓಡುವ ಅಮೆರಿಕದ ಆಟ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ಹಿಂದೆಯೇ ಒಂದು ಸುಲಭದ ಒದೆತಕ್ಕೆ 1 ಅಂಕ. ದೂರದಿಂದ ಒದ್ದು ಕಂಬಗಳ ನಡುವೆ ತೂರಿಸಿದರೆ 3. ಅಲ್ಲಿ ಕಾಲೇಜು ಹುಡುಗರ ಆಟಕ್ಕೇ ಜಾತ್ರೆಯಂತೆ ಜನ. ನೆಬ್ರಾಸ್ಕದ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರಿಂದ ಪ್ರತಿ ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ ಎಂದರೆ ಆ ಹುಚ್ಚು ಎಂಥದ್ದೆಂದು ಊಹಿಸಿಕೊಳ್ಳಿ.

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೂತ ಕನ್ನಡಿಗನಿಗೆ ಇದರ ಉಸಾಬರಿ ಯಾಕೆ ಎಂದು ಕೇಳಬಹುದು. ನನ್ನದು ಡೇಟಾ ಅನಾಲಿಸ್ಟ್ ಕೆಲಸ. ನಮ್ಮ ಗ್ರಾಹಕ ಕಂಪನಿಯ ಮ್ಯಾನೇಜರ್ ಅದೇ ರಾಜ್ಯದವರು. ಅಲ್ಲಿ ಪಂದ್ಯ ನಡೆಯುವುದು ಹೆಚ್ಚಾಗಿ ಶನಿವಾರ. 2021ರ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಸೋಮವಾರದ ಕಾಲ್ ಶುರುವಾಗುತ್ತಿದ್ದುದು ಒಂದೇ ಮಾತಿನಿಂದ: ‘ಈ ಸಲವೂ ಸ್ವಲ್ಪದರಲ್ಲೇ ಹೋಯಿತು’. ಅವರನ್ನು ಸಮಾಧಾನ ಮಾಡಲಿಕ್ಕೆಂದು ಅಂಕಪಟ್ಟಿ ತೆರೆದ ನಾನು ಅದರೊಳಗೇ ಸಿಕ್ಕಿಕೊಂಡೆ.

ಒಂಬತ್ತು ಸೋಲುಗಳ ಅಂತರ ಹೀಗಿದೆ: ಇಲಿನಾಯ್ ವಿರುದ್ಧ 8, ಓಕ್ಲಹೋಮ 7, ಮಿಷಿಗನ್ ಸ್ಟೇಟ್ 3, ಮಿಷಿಗನ್ 3, ಮಿನೆಸೋಟ 7, ಪರ್ಡ್ಯೂ 5, ಒಹಾಯೊ ಸ್ಟೇಟ್ 9, ವಿಸ್ಕಾನ್ಸಿನ್ 7, ಅಯೋವ 7. ಒಟ್ಟು 56 ಅಂಕ, ಸರಾಸರಿ ಆರು ಚಿಲ್ಲರೆ. ಒಂದು ಟಚ್‌ಡೌನಿನಷ್ಟು. ಇವರಲ್ಲಿ ಓಕ್ಲಹೋಮ, ಒಹಾಯೊ ಸ್ಟೇಟ್ ಮತ್ತು ಎರಡೂ ಮಿಷಿಗನ್ ತಂಡಗಳು ಆ ವರ್ಷ ತಲಾ 11 ಅಥವಾ ಹೆಚ್ಚು ಪಂದ್ಯ ಗೆದ್ದ ಘಟಾನುಘಟಿಗಳು. ಅವರೆದುರೂ ನೆಬ್ರಾಸ್ಕ ಕೊನೆಯವರೆಗೆ ಕಾದಾಡಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಬೇಸ್‌ಬಾಲ್ ಅಂಕಿಅಂಶಗಳನ್ನು ಅರೆದು ಕುಡಿದ ಬಿಲ್ ಜೇಮ್ಸ್ ಎಂಬವರು ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಗಳಿಸಿದ ಅಂಕದ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ. ತಂಡ ಗೆಲ್ಲಬೇಕಿದ್ದ ಪಂದ್ಯಗಳ ಪಾಲು ಅಂದಾಜಾಗಿ ಸಿಗುತ್ತದೆ. 335ರ ವರ್ಗ 1,12,225. 272ರ ವರ್ಗ 73,984. ಭಾಗಿಸಿದರೆ 0.60. ಹನ್ನೆರಡು ಪಂದ್ಯಕ್ಕೆ ಏಳು ಗೆಲುವು. ಫುಟ್‌ಬಾಲಿಗೆ ಹೊಂದಿಸಲು ವರ್ಗದ ಬದಲು 2.37ರ ಘಾತ ಬಳಸುತ್ತಾರೆ. ಆಗಲೂ ಉತ್ತರ ಏಳೂವರೆಯ ಹತ್ತಿರವೇ.

ಇಷ್ಟಕ್ಕೇ ನಿಲ್ಲಿಸಿದರೆ ‘ಪಾಪ, ಗ್ರಹಚಾರ’ ಎಂದು ಷರಾ ಬರೆದು ಕಡತ ಮುಚ್ಚಬಹುದು. ಆದರೆ ಗೆದ್ದ ಮೂರು ಪಂದ್ಯಗಳನ್ನೂ ನೋಡಿ. ಫೋರ್ಡಂ ವಿರುದ್ಧ 52-7, ಬಫಲೊ ವಿರುದ್ಧ 28-3, ನಾರ್ತ್‌ವೆಸ್ಟರ್ನ್ ವಿರುದ್ಧ 56-7. ಈ ಮೂರರಿಂದಲೇ 119 ಅಂಕಗಳ ಲಾಭ. 49 ಅಂಕಗಳಿಂದ ಗೆದ್ದರೂ ಲೆಕ್ಕಕ್ಕೆ ಒಂದೇ ಗೆಲುವು. ಸರಾಸರಿ ಎಂಬುದು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 63ರ ಲಾಭ ನಿಜ, ಆದರೆ ಅದು ಬೇಡದ ಕಡೆ ರಾಶಿ ಬಿದ್ದಿತ್ತು.

ಮುಂದಿನ ಪ್ರಶ್ನೆಯೇ ಮುಖ್ಯ: ಹತ್ತಿರದ ಸೋಲುಗಳೆಲ್ಲ ಬರೀ ದುರದೃಷ್ಟವೇ? ಒಂದು ಹೊಡೆತದಲ್ಲಿ ಸರಿಗಟ್ಟಬಹುದಾದ, ಅಂದರೆ 8 ಅಂಕಗಳೊಳಗಿನ ಸೋಲುಗಳು ಎಂಟು. ಅಂಥ ಗೆಲುವು ಒಂದೂ ಇಲ್ಲ. ಇವನ್ನು ನಾಣ್ಯ ಚಿಮ್ಮಿದ ಹಾಗೆ ಎಂದುಕೊಂಡರೆ, ಎಂಟು ಸಲವೂ ಹುಲಿ ಬೀಳುವ ಸಾಧ್ಯತೆ 256ಕ್ಕೆ ಒಂದು. ಅಪರೂಪ, ಆದರೂ ಆಗಬಾರದ್ದೇನಲ್ಲ. ಆದರೆ ತರಬೇತುದಾರ ಸ್ಕಾಟ್ ಫ್ರಾಸ್ಟ್ ಅವರ ಇಡೀ ಅವಧಿಯ ಲೆಕ್ಕ ತೆಗೆದರೆ ಇಂಥ ಪಂದ್ಯಗಳಲ್ಲಿ 5 ಗೆಲುವು, 22 ಸೋಲು. 27 ಸಲ ನಾಣ್ಯ ಚಿಮ್ಮಿ ಐದು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಸುಮಾರು 1,300ಕ್ಕೆ ಒಂದು. ಇಲ್ಲಿಗೆ ಬಂದಾಗ ಹಣೆಬರಹವನ್ನು ದೂರುವುದು ಬಿಟ್ಟು ಹುಳುಕು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಹುಡುಕಿದರೆ ಸಿಗುತ್ತದೆ. ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸುವ, ಅವರು ಒದ್ದಿದ್ದನ್ನು ಹಿಡಿಯುವ ಕೆಲಸಕ್ಕೆ ಅಲ್ಲಿ ಬೇರೆಯದೇ ಪಡೆ ಇರುತ್ತದೆ. ಆ ಪಡೆಯ ಪಾಲು ನೋಡಿ. ಇಲಿನಾಯ್ ವಿರುದ್ಧ 1 ಅಂಕದ ಸುಲಭ ಒದೆತ ಎರಡು ಸಲ ತಪ್ಪಿತು. ಓಕ್ಲಹೋಮ ಅದೇ ಒದೆತವನ್ನು ತಡೆದು, ಚೆಂಡು ಹಿಡಿದು ಓಡಿ 2 ಅಂಕ ದೋಚಿತು. ಮಿಷಿಗನ್ ಸ್ಟೇಟ್ ವಿರುದ್ಧ 20-13ರ ಮುನ್ನಡೆ ಇದ್ದಾಗ ಒದ್ದ ಚೆಂಡನ್ನು ಎದುರಾಳಿ ಆಟಗಾರ ಹಿಡಿದು ನೇರ ಟಚ್‌ಡೌನಿಗೇ ಒಯ್ದ. ಹೆಚ್ಚುವರಿ ಅವಧಿಯಲ್ಲಿ ಸೋಲು. ವಿಸ್ಕಾನ್ಸಿನ್ ಪಂದ್ಯದ ಮೊದಲ ಒದೆತವೇ ಟಚ್‌ಡೌನ್ ಆಗಿ ತಿರುಗಿ ಬಂತು. ಅಯೋವ ವಿರುದ್ಧ 21-6ರ ಮುನ್ನಡೆ ಇತ್ತು. ಒದ್ದ ಚೆಂಡನ್ನು ತಡೆದು ಅವರು ಟಚ್‌ಡೌನ್ ಮಾಡಿದರು, ಕೊನೆಗೆ 28-21ರಿಂದ ಗೆದ್ದರು. ಎಲ್ಲರ ಕಣ್ಣು ಓಡುವವರ ಮೇಲೆ, ಎಸೆಯುವವರ ಮೇಲೆ. ಸೋರುತ್ತಿದ್ದುದು ಮಾತ್ರ ಚೆಂಡು ಕೈ ಬದಲಾಗುವ ಜಾಗದಲ್ಲಿ.

ಫ್ರಾಸ್ಟ್ ಸಾಮಾನ್ಯರೇನಲ್ಲ. 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಹಂಚಿಕೊಂಡ ನೆಬ್ರಾಸ್ಕ ತಂಡದ ಕ್ವಾರ್ಟರ್‌ಬ್ಯಾಕ್. 2017ರಲ್ಲಿ ಸೆಂಟ್ರಲ್ ಫ್ಲಾರಿಡ ತಂಡವನ್ನು ಸೋಲೇ ಇಲ್ಲದೆ ನಡೆಸಿ ತವರಿಗೆ ಬಂದವರು. 2021ರ ಋತು ಮುಗಿಯುವ ಮುನ್ನ, ತಂಡ 3-7ರಲ್ಲಿದ್ದಾಗಲೇ ಆಡಳಿತ ಅವರ ಸಂಬಳ ಇಳಿಸಿ ಇನ್ನೊಂದು ವರ್ಷ ಕೊಟ್ಟಿತು. ‘ಅದೃಷ್ಟ ತಿರುಗುತ್ತದೆ’ ಎಂಬ ವಾದಕ್ಕೆ ಅಂಕಗಳ ಲಾಭದ ಆಧಾರ ಇತ್ತಲ್ಲ! ಆದರೆ 2022ರ ಮೊದಲ ಪಂದ್ಯದಲ್ಲೇ 28-17ರ ಮುನ್ನಡೆ ಇದ್ದಾಗ ಚೆಂಡನ್ನು ತಾವೇ ವಾಪಸ್ ಪಡೆಯುವ ಆಸೆಯಿಂದ ಗಿಡ್ಡ ಒದೆತಕ್ಕೆ ಕೈ ಹಾಕಿದರು. ಅದು ಫಲಿಸಲಿಲ್ಲ, 31-28ರ ಸೋಲು. ಸೆಪ್ಟೆಂಬರ್ 11ರಂದು ಅವರನ್ನು ತೆಗೆದುಹಾಕಲಾಯಿತು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಪರಿಹಾರದ ಹಣ 1.5 ಕೋಟಿ ಡಾಲರ್ ಬದಲು ಅರ್ಧಕ್ಕೆ ಇಳಿಯುತ್ತಿತ್ತು. ಅಷ್ಟೂ ತಾಳ್ಮೆ ಯಾರಿಗೂ ಉಳಿದಿರಲಿಲ್ಲ.

ಈ ಲೆಕ್ಕವನ್ನು ನಾನು ಆಫೀಸಿನಲ್ಲಿ ಪ್ರಯೋಗಿಸಬೇಕಾಗಿ ಬಂತು. ನಮ್ಮಲ್ಲಿ ಅಪ್ರೈಸಲ್ ಹೊತ್ತಿಗೆ ಪ್ರತಿ ತಂಡದಿಂದಲೂ ಯಾರಾದರೊಬ್ಬರನ್ನು ಕೆಳಗಿನ ಮೆಟ್ಟಿಲಿಗೆ ತಳ್ಳಲೇಬೇಕು. ಆ ವರ್ಷ ಎಲ್ಲರ ಬೆರಳು ಹೋದದ್ದು ಹಾವೇರಿ ಕಡೆಯ ಹುಡುಗನೊಬ್ಬನ ಮೇಲೆ. ಆರು ಸಲ ಗಡುವು ತಪ್ಪಿಸಿದ್ದ. ಊರಲ್ಲಿ ತಂಗಿಯ ಮದುವೆ ಸಾಲ, ಇಲ್ಲಿ ಬಾಡಿಗೆ ಮನೆ. ಆ ಮೆಟ್ಟಿಲಿಗೆ ಇಳಿದರೆ ಮೂರು ತಿಂಗಳಲ್ಲಿ ಕೆಲಸವೇ ಹೋಗಬಹುದಿತ್ತು. ‘ಸಾರ್, ಏನು ಮಾಡಿದರೂ ಕಡೀ ಗಳಿಗ್ಯಾಗ ಕೆಡತೈತ್ರೀ’ ಎಂದಷ್ಟೇ ಹೇಳಿದ.

ಸಭೆಗೆ ಮುಂಚೆ ಆರೂ ಪ್ರಕರಣ ಬಿಡಿಸಿ ನೋಡಿದೆ. ಒಂದೂ ಒಂದು ದಿನಕ್ಕಿಂತ ಹೆಚ್ಚು ತಡವಾಗಿರಲಿಲ್ಲ. ಅವುಗಳಲ್ಲಿ ನಾಲ್ಕರಲ್ಲಿ ಅವನ ಪಾಲಿನ ಕೆಲಸ ಮುಗಿದೇ ಇತ್ತು. ಬೇರೆ ವಿಭಾಗದ ಒಪ್ಪಿಗೆ ಬರಬೇಕಿದ್ದುದು ಶುಕ್ರವಾರ ಸಂಜೆ ಸಿಕ್ಕಿಹಾಕಿಕೊಂಡಿತ್ತು. ಇಲ್ಲೂ ಸೋರುತ್ತಿದ್ದುದು ಕೈ ಬದಲಾಗುವ ಜಾಗದಲ್ಲೇ. ಕಾಗದ ಮುಂದಿಟ್ಟು ವಾದ ಮಾಡಿದೆ. ಬೋನಸ್ ಸಿಗಲಿಲ್ಲ, ಆದರೆ ಒಂದು ಮೆಟ್ಟಿಲು ಮೇಲೆ ನಿಂತ, ಕೆಲಸ ಉಳಿಯಿತು. ಒಪ್ಪಿಗೆಯ ದಿನವನ್ನು ಬುಧವಾರಕ್ಕೆ ತಂದೆವು. ಮುಂದಿನ ಆರು ತಿಂಗಳಲ್ಲಿ ಗಡುವು ತಪ್ಪಿದ್ದು ಎರಡು ಸಲ. ಆ ಎರಡಕ್ಕೂ ಅವನೇ ಹೊಣೆ, ಅದನ್ನೂ ಅವನಿಗೆ ನೇರವಾಗಿಯೇ ಹೇಳಿದೆ. ಅಂಕಿಅಂಶದ ಕೆಲಸ ಬರೀ ಪಾರು ಮಾಡುವುದಲ್ಲ, ತಪ್ಪು ಯಾರದು ಎಷ್ಟು ಎಂದು ಬೇರ್ಪಡಿಸುವುದು.

ಹೈದರಾಬಾದಿನ ಕನ್ನಡಿಗರಿಗೆ ಸ್ವಲ್ಪದರಲ್ಲಿ ಸೋಲುವುದರ ರುಚಿ ಹೇಳಿಕೊಡಬೇಕಿಲ್ಲ. 2009ರ ಐಪಿಎಲ್ ಫೈನಲ್‌ನಲ್ಲಿ ನಮ್ಮ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳಿಂದ ಸೋತಿತು. 2016ರಲ್ಲಿ ಚಿನ್ನಸ್ವಾಮಿ ಅಂಗಳದಲ್ಲೇ ಸನ್‌ರೈಸರ್ಸ್ ಎದುರು 8 ರನ್‌ಗಳಿಂದ. ಎರಡೂ ಸಲ ಗೆದ್ದದ್ದು ಹೈದರಾಬಾದು, ಮರುದಿನ ಆಫೀಸಿನಲ್ಲಿ ತಲೆ ತಗ್ಗಿಸಿದ್ದು ನಾವು. 2025ರ ಜೂನ್ 3ರಂದು ಕಪ್ ಕೈಗೆ ಬಂದಾಗ ಗೆಲುವಿನ ಅಂತರ ಎಷ್ಟು? ಅದೇ 6 ರನ್.

ನೆಬ್ರಾಸ್ಕ 2022ರಲ್ಲಿ 4 ಪಂದ್ಯ ಗೆದ್ದಿತು, ಹೊಸ ತರಬೇತುದಾರ ಮ್ಯಾಟ್ ರೂಲ್ ಬಂದ 2023ರಲ್ಲಿ 5, 2024ರಲ್ಲಿ 7. ಆ ಏಳನೆಯದು ನ್ಯೂಯಾರ್ಕಿನ ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಬಾಸ್ಟನ್ ಕಾಲೇಜ್ ವಿರುದ್ಧ, 20-15ರಿಂದ. ಬರೀ 5 ಅಂಕಗಳ ಗೆಲುವು. ನಮ್ಮ ಗ್ರಾಹಕ ಮಹಾಶಯರು ಮುಂದಿನ ಕಾಲ್‌ನಲ್ಲಿ ಕೆಲಸದ ಮಾತನ್ನೇ ಮರೆತಿದ್ದರು.

ಬರುವ ಮಾರ್ಚಿನಲ್ಲಿ ನಿಮ್ಮ ಅಪ್ರೈಸಲ್ ಹಾಳೆಯೋ ಮಕ್ಕಳ ಅಂಕಪಟ್ಟಿಯೋ ಕೈಗೆ ಬಂದಾಗ ಕೊನೆಯ ಸಾಲಿಗೆ ಹಾರಬೇಡಿ. ಎಷ್ಟರಲ್ಲಿ ತಪ್ಪಿತು, ಎಷ್ಟು ಸಲ ತಪ್ಪಿತು, ಪ್ರತಿ ಸಲವೂ ಒಂದೇ ಜಾಗದಲ್ಲಿ ತಪ್ಪಿತೇ ಎಂದು ನೋಡಿ. ಮೂರನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದರೆ ಬೇಸರ ಬೇಡ. ರಿಪೇರಿ ಎಲ್ಲಿ ಮಾಡಬೇಕೆಂದು ಗೊತ್ತಾಯಿತಲ್ಲ.