ಚಾಲಕರಹಿತ ಕಾರಿನ ಒಂದು ಉದ್ಯಮ: ಕ್ರೂಸ್ ಸಂಸ್ಥೆಯ ಉತ್ಕರ್ಷ ಮತ್ತು ಅವಸಾನ

ಉದ್ಯಮ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಮೂಲಧನ, ಯಂತ್ರ, ಕಾರ್ಮಿಕ ಬಲ ಎಂಬ ಮೂರು ಮಾನಗಳಿಂದ ಅವುಗಳ ಬೆಳವಣಿಗೆಯನ್ನು ಅಳೆಯುವುದು ವಾಡಿಕೆ. ಆದರೆ ಊರಿನ ಬೀದಿಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡ ಉದ್ಯಮವನ್ನು ಅಳೆಯಲು ಈ ಮೂರು ಮಾನಗಳು ಸಾಲವು. ಅಂಥ ಉದ್ಯಮವು ಜನತೆಯ ಅನುಮತಿಯಿಂದ ಬದುಕುತ್ತದೆ. ಆ ಅನುಮತಿಗೆ ಆಧಾರವಾದದ್ದು ನಡೆದುದನ್ನು ನಡೆದಂತೆ ತಿಳಿಸುವ ಪ್ರಾಮಾಣಿಕತೆ. ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ೨೦೧೩ರಲ್ಲಿ ಹುಟ್ಟಿದ ಕ್ರೂಸ್ ಸಂಸ್ಥೆಯ ಇತಿಹಾಸ ಈ ಮಾತಿಗೆ ಸ್ಪಷ್ಟವಾದ ನಿದರ್ಶನ. ಅದನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ಉದ್ಯಮದ ಬೇರುಗಳು ವಿಶ್ವವಿದ್ಯಾನಿಲಯಗಳಲ್ಲಿವೆ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ ೨೦೦೪ರ ಮಾರ್ಚಿಯಲ್ಲಿ ಮೊಹಾವೆ ಮರುಭೂಮಿಯಲ್ಲಿ ಚಾಲಕರಹಿತ ವಾಹನಗಳ ಪಂದ್ಯವೊಂದನ್ನು ಏರ್ಪಡಿಸಿತು. ಸುಮಾರು ೧೫೦ ಮೈಲಿಗಳ ಆ ಹಾದಿಯನ್ನು ಯಾವ ವಾಹನವೂ ಪೂರೈಸಲಿಲ್ಲ. ಅತ್ಯಂತ ದೂರ ಸಾಗಿದ ವಾಹನವೂ ಏಳು ಮೈಲಿಗಳನ್ನು ದಾಟಿ ಸ್ವಲ್ಪದರಲ್ಲಿಯೇ ನಿಂತಿತು. ಮರುವರ್ಷವೇ ಐದು ವಾಹನಗಳು ಗುರಿ ಮುಟ್ಟಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ‘ಸ್ಟ್ಯಾನ್ಲಿ’ ಪ್ರಥಮ ಸ್ಥಾನವನ್ನು ಪಡೆಯಿತು. ಈ ಪಂದ್ಯಗಳಲ್ಲಿ ಪಳಗಿದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ಗೂಗಲ್ ಸಂಸ್ಥೆ ೨೦೦೯ರಲ್ಲಿ ತನ್ನ ಯೋಜನೆಯನ್ನು ಆರಂಭಿಸಿತು. ಮುಂದೆ ವೇಮೋ ಎಂದು ಹೆಸರಾದದ್ದು ಇದೇ.

ಕೈಲ್ ವೋಗ್ಟ್ ಮೊದಲಾದವರು ಸ್ಥಾಪಿಸಿದ ಕ್ರೂಸಿನ ಮೊದಲ ಗುರಿ ಮಿತವಾಗಿತ್ತು. ಆಡಿ ಕಾರಿಗೆ ಜೋಡಿಸಬಹುದಾದ ಉಪಕರಣವೊಂದನ್ನು ಹತ್ತು ಸಾವಿರ ಡಾಲರುಗಳಿಗೆ ಮಾರಿ, ಹೆದ್ದಾರಿಯಲ್ಲಿ ಮಾತ್ರ ಕಾರನ್ನು ತಾನಾಗಿ ಓಡಿಸುವುದು ಅದರ ಉದ್ದೇಶ. ಅಲ್ಪಕಾಲದಲ್ಲಿಯೇ ಸಂಸ್ಥೆ ಇದನ್ನು ಕೈಬಿಟ್ಟು, ನಗರದ ಬೀದಿಗಳಲ್ಲಿ ಚಾಲಕನೇ ಇಲ್ಲದ ಬಾಡಿಗೆ ಕಾರನ್ನು ನಡೆಸುವ ಸಾಹಸಕ್ಕೆ ತೊಡಗಿತು. ಇವೆರಡರ ಅಂತರವನ್ನು ವಾಚಕರು ಗಮನಿಸಬೇಕು. ಹೆದ್ದಾರಿಯಲ್ಲಿ ವಾಹನಗಳು ಒಂದೇ ದಿಕ್ಕಿಗೆ ಸಾಗುತ್ತವೆ. ಬೀದಿಯಲ್ಲಾದರೋ ಅಡ್ಡ ಬರುವ ಮಗು, ತಪ್ಪು ದಿಕ್ಕಿನ ಸೈಕಲ್ಲು, ಕೈಸನ್ನೆ ಮಾಡುವ ಪೊಲೀಸಿನವನು, ಎಲ್ಲವೂ ಇವೆ.

ಇಂಥ ಕಾರಿನ ಕಾರ್ಯಕ್ರಮವನ್ನು ಮೂರು ಹಂತಗಳಾಗಿ ತಿಳಿಯಬಹುದು. ಕ್ಯಾಮರಾ, ರೇಡಾರ್ ಮತ್ತು ಲೇಸರ್ ಕಿರಣಗಳಿಂದ ದೂರವನ್ನಳೆಯುವ ಲೈಡಾರ್‌ಗಳ ಮೂಲಕ ಸುತ್ತಲಿನ ವಸ್ತುಗಳನ್ನು ಗುರುತಿಸುವುದು ಮೊದಲನೆಯದು. ಅವು ಮುಂದಿನ ಕ್ಷಣದಲ್ಲಿ ಎತ್ತ ಚಲಿಸಬಹುದೆಂದು ಊಹಿಸುವುದು ಎರಡನೆಯದು. ಆ ಊಹೆಗೆ ಅನುಗುಣವಾಗಿ ತನ್ನ ಹಾದಿಯನ್ನು ನಿಶ್ಚಯಿಸುವುದು ಮೂರನೆಯದು. ಮೊದಲ ಹಂತದಲ್ಲಿ ತಪ್ಪಾದರೆ ಮುಂದಿನ ಎರಡೂ ತಪ್ಪುತ್ತವೆ.

ಸಂಸ್ಥೆಯ ಆರ್ಥಿಕ ಬೆಳವಣಿಗೆ ಅಸಾಧಾರಣವಾಗಿತ್ತು. ಕೇವಲ ೪೦ ಮಂದಿ ನೌಕರರಿದ್ದ ಈ ಸಂಸ್ಥೆಯನ್ನು ೨೦೧೬ರಲ್ಲಿ ಜನರಲ್ ಮೋಟರ್ಸ್ ಕೊಂಡಿತು. ೨೦೧೮ರಲ್ಲಿ ಸಾಫ್ಟ್‌ಬ್ಯಾಂಕಿನ ನಿಧಿ ೨೨೫ ಕೋಟಿ ಡಾಲರುಗಳನ್ನೂ, ಹೋಂಡಾ ಸಂಸ್ಥೆ ೧೨ ವರ್ಷಗಳ ಅವಧಿಯಲ್ಲಿ ೨೭೫ ಕೋಟಿ ಡಾಲರುಗಳನ್ನೂ ಒದಗಿಸುವುದಾಗಿ ಘೋಷಿಸಿದವು. ೨೦೨೧ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸೇರಿದಾಗ ಸಂಸ್ಥೆಯ ಮೌಲ್ಯವನ್ನು ೩,೦೦೦ ಕೋಟಿ ಡಾಲರೆಂದು ಗಣಿಸಲಾಯಿತು. ಆದರೆ ೨೦೧೯ರಲ್ಲಿ ಆರಂಭವಾಗಬೇಕಿದ್ದ ಬಾಡಿಗೆ ಸೇವೆ ಅದೇ ವರ್ಷ ಮುಂದೂಡಲ್ಪಟ್ಟಿತ್ತು. ಹಣವು ಅನುಭವಕ್ಕಿಂತ ವೇಗವಾಗಿ ಸಂಚಯವಾಯಿತೆಂದು ಹೇಳಬಹುದು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಸೇವೆಗೆ ಎರಡು ಅನುಮತಿಗಳು ಅವಶ್ಯ. ಕಾರನ್ನು ಬೀದಿಗೆ ತರಲು ಮೋಟಾರು ವಾಹನ ಇಲಾಖೆಯ ಅನುಮತಿ ಬೇಕು. ಪ್ರಯಾಣಿಕರಿಂದ ಬಾಡಿಗೆ ಪಡೆಯಲು ಸಾರ್ವಜನಿಕ ಸೌಕರ್ಯಗಳ ಆಯೋಗದ ಒಪ್ಪಿಗೆ ಬೇಕು. ೨೦೨೨ರ ಜೂನಿನಲ್ಲಿ ರಾತ್ರಿ ವೇಳೆಗೆ ಸೀಮಿತವಾದ ಒಪ್ಪಿಗೆ ಕ್ರೂಸಿಗೆ ದೊರೆಯಿತು. ಕಾರುಗಳು ಅಗ್ನಿಶಾಮಕ ದಳದ ಕಾರ್ಯಕ್ಕೆ ಅಡ್ಡಿಯಾಗುತ್ತಿವೆಯೆಂದು ನಗರದ ಅಧಿಕಾರಿಗಳು ಆಕ್ಷೇಪಿಸಿದರೂ, ೨೦೨೩ರ ಆಗಸ್ಟ್ ೧೦ರಂದು ಆಯೋಗವು ಮೂರಕ್ಕೆ ಒಂದು ಮತದಿಂದ ಹಗಲಿರುಳೂ ಸೇವೆ ನಡೆಸಲು ಕ್ರೂಸಿಗೂ ವೇಮೋಗೂ ಸಮ್ಮತಿಸಿತು. ಕ್ರೂಸಿನ ಉತ್ಕರ್ಷದ ಶಿಖರ ಇದು.

ಇದಾಗಿ ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ ೨ರ ರಾತ್ರಿ, ಮನುಷ್ಯನೊಬ್ಬನು ನಡೆಸುತ್ತಿದ್ದ ಬೇರೊಂದು ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು, ಆಕೆಯನ್ನು ಕ್ರೂಸ್ ಕಾರಿನ ಹಾದಿಗೆ ಎಸೆಯಿತು. ಕ್ರೂಸ್ ಕಾರು ಬ್ರೇಕು ಹಾಕಿದರೂ ಆಕೆಯ ಮೇಲೆ ಹಾಯ್ದು ನಿಂತಿತು. ಅನಂತರ ಯಂತ್ರವು ಆ ಡಿಕ್ಕಿ ಪಕ್ಕದಿಂದಾದದ್ದೆಂದು ತಪ್ಪಾಗಿ ಗ್ರಹಿಸಿ, ರಸ್ತೆಯ ಅಂಚಿಗೆ ಸರಿಯುವುದೇ ಕ್ಷೇಮವೆಂದು ನಿಶ್ಚಯಿಸಿ, ಕೆಳಗೆ ಸಿಲುಕಿದ್ದ ಆಕೆಯನ್ನು ಸುಮಾರು ೨೦ ಅಡಿ ಎಳೆದೊಯ್ದಿತು. ಆಕೆ ತೀವ್ರವಾಗಿ ಗಾಯಗೊಂಡಳು.

ಮೊದಲ ಡಿಕ್ಕಿ ಕ್ರೂಸಿನದಲ್ಲ. ಆದರೆ ಎಳೆದೊಯ್ದ ಸಂಗತಿಯನ್ನು ಸಂಸ್ಥೆಯವರು ಅಧಿಕಾರಿಗಳಿಗೆ ಬಾಯಿಮಾತಿನಲ್ಲಿ ತಿಳಿಸಲಿಲ್ಲ. ಚಲನಚಿತ್ರವೇ ಎಲ್ಲವನ್ನೂ ಹೇಳುವುದೆಂದು ನೆಚ್ಚಿದರು. ಸಂಪರ್ಕದ ತೊಂದರೆಯಿಂದ ಆ ಚಿತ್ರವೂ ಕೆಲವೆಡೆ ಸರಿಯಾಗಿ ಕಾಣಿಸಲಿಲ್ಲ. ರಾಷ್ಟ್ರೀಯ ಹೆದ್ದಾರಿ ಸುರಕ್ಷತಾ ಆಡಳಿತಕ್ಕೆ ಸಲ್ಲಿಸಿದ ವರದಿಯಲ್ಲಿಯೂ ಆ ಸಂಗತಿ ಇರಲಿಲ್ಲ. ಅಕ್ಟೋಬರ್ ೨೪ರಂದು ಮೋಟಾರು ವಾಹನ ಇಲಾಖೆ, ಕಾರಿನ ಸುರಕ್ಷತೆಯ ವಿಷಯದಲ್ಲಿ ಸಂಸ್ಥೆ ತಪ್ಪು ಚಿತ್ರ ಕೊಟ್ಟಿತೆಂಬುದನ್ನೂ ಕಾರಣವಾಗಿ ಹೇಳಿ, ಅನುಮತಿಯನ್ನು ಅಮಾನತುಗೊಳಿಸಿತು. ನವೆಂಬರಿನಲ್ಲಿ ವೋಗ್ಟ್ ರಾಜೀನಾಮೆಯಿತ್ತರು. ೨೦೨೪ರಲ್ಲಿ ಸುರಕ್ಷತಾ ಆಡಳಿತ ೧೫ ಲಕ್ಷ ಡಾಲರುಗಳ ದಂಡ ವಿಧಿಸಿತು. ಸುಳ್ಳು ವರದಿಯ ಆಪಾದನೆಯನ್ನು ಸಂಸ್ಥೆ ಒಪ್ಪಿಕೊಂಡು ಮತ್ತೆ ೫ ಲಕ್ಷ ಡಾಲರುಗಳನ್ನು ತೆತ್ತಿತು. ಆ ವರ್ಷದ ಡಿಸೆಂಬರಿನಲ್ಲಿ, ಸಾವಿರ ಕೋಟಿ ಡಾಲರಿಗೂ ಮಿಕ್ಕ ವೆಚ್ಚದ ತರುವಾಯ, ಜನರಲ್ ಮೋಟರ್ಸ್ ಬಾಡಿಗೆ ಕಾರಿನ ಯೋಜನೆಗೆ ಹಣವನ್ನು ನಿಲ್ಲಿಸಿತು.

ಒಂದು ಅಪಘಾತದಿಂದಲೇ ಸಂಸ್ಥೆ ಅಳಿಯಿತೆಂದು ಹೇಳುವುದು ಸರಳೀಕರಣವಾದೀತು. ಸೇವೆಯನ್ನು ವಿಸ್ತರಿಸಲು ಬೇಕಾದ ಕಾಲ ಹಾಗೂ ಹಣ, ಹೆಚ್ಚುತ್ತಿರುವ ಸ್ಪರ್ಧೆ, ಇವನ್ನೇ ಜನರಲ್ ಮೋಟರ್ಸ್ ಕಾರಣಗಳಾಗಿ ಸೂಚಿಸಿತು. ಆದರೆ ಸ್ಪರ್ಧೆಯಲ್ಲಿ ಹಿಂದೆ ಬಿದ್ದುದಾದರೂ ಏಕೆ? ೨೦೦೯ರಲ್ಲಿ ತೊಡಗಿ ೨೦೨೦ರಲ್ಲಿ ಫೀನಿಕ್ಸ್ ಪ್ರದೇಶದ ಜನತೆಗೆ ಚಾಲಕರಹಿತ ಸೇವೆಯನ್ನು ತೆರೆದ ವೇಮೋ, ಅದೇ ಸಾನ್‌ಫ್ರಾನ್ಸಿಸ್ಕೋದಲ್ಲಿ ಸಂಚಾರವನ್ನು ಮುಂದುವರಿಸಿತು. ಕ್ರೂಸಿನ ಕಾರುಗಳಾದರೋ ಅನುಮತಿಯಿಲ್ಲದೆ ನಿಂತಿದ್ದವು. ಯಂತ್ರದ ದೋಷವನ್ನು ತಿದ್ದಬಹುದು. ೨೦೨೩ರ ನವೆಂಬರಿನಲ್ಲಿ ಕ್ರೂಸ್ ತನ್ನ ೯೫೦ ಕಾರುಗಳ ದೋಷವನ್ನು ತಿದ್ದಿಯೂ ತಿದ್ದಿತು. ಅಪೂರ್ಣವಾದ ವರದಿಯಿಂದ ಕಳೆದುಹೋದ ವಿಶ್ವಾಸವನ್ನು ಹಾಗೆ ತಿದ್ದಲಾಗಲಿಲ್ಲ. ಆದುದರಿಂದ ಇಂಥ ಸಂಸ್ಥೆಗಳ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಲೆಕ್ಕಪತ್ರಗಳೊಡನೆ ಅಧಿಕಾರಿಗಳಿಗೆ ಸಲ್ಲಿಸಿದ ವರದಿಗಳನ್ನೂ, ಅವುಗಳಲ್ಲಿ ಬಿಟ್ಟುಹೋದ ಸಂಗತಿಗಳನ್ನೂ ಓದುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.