ಟೊಕೆಲಾವು ದ್ವೀಪಗಳಲ್ಲಿ ಸೂರ್ಯಶಕ್ತಿ

ಪೆಸಿಫಿಕ್ ಮಹಾಸಾಗರದಲ್ಲಿ, ಸಮೋವಾ ದೇಶದಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಟೊಕೆಲಾವು ಎಂಬ ಮೂರು ಹವಳದ ದ್ವೀಪಗಳುಂಟು. ಅಟಾಫು, ನುಕುನೋನು, ಫಕಾವೊಫೊ ಎಂಬವು ಅವುಗಳ ಹೆಸರುಗಳು. ಭೂಗೋಳದ ಪಾಠದಲ್ಲಿ ಈ ಹೆಸರುಗಳನ್ನು ಕಲಿತವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳವಾಗಿರಬಹುದು. ತರಗತಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಅವು ಸೂಜಿಯ ಮೊನೆಯಷ್ಟು ಚುಕ್ಕೆಯಾಗಿಯೂ ಕಾಣುವುದಿಲ್ಲ. ಮೂರು ದ್ವೀಪಗಳ ನೆಲವನ್ನೆಲ್ಲಾ ಕೂಡಿಸಿದರೂ ಅದು ಹನ್ನೆರಡು ಚದರ ಕಿಲೋಮೀಟರನ್ನು ಮೀರದು. ಜನಸಂಖ್ಯೆ ಸುಮಾರು 1500. ಅಲ್ಲಿ ವಿಮಾನ ಇಳಿಯುವ ಸ್ಥಳವಿಲ್ಲ, ಹಡಗು ನಿಲ್ಲುವ ಬಂದರವೂ ಇಲ್ಲ. ಸಮೋವಾದ ಆಪಿಯಾ ಪಟ್ಟಣದಿಂದ ಒಂದು ಹಗಲು ಒಂದು ರಾತ್ರಿಗೂ ಮಿಗಿಲಾಗಿ ಪಯಣಿಸಿ ಬರುವ ಹಡಗು ಹವಳದ ದಂಡೆಯ ಹೊರಗೆ ನಿಲ್ಲುತ್ತದೆ. ಜನರನ್ನೂ ಸಾಮಾನನ್ನೂ ಸಣ್ಣ ದೋಣಿಗಳಲ್ಲಿ ಅಲೆಗಳ ನಡುವೆ ದಡಕ್ಕೆ ತರುತ್ತಾರೆ.

ಇಷ್ಟು ಚಿಕ್ಕದಾದ ಈ ನಾಡು 2012ನೆಯ ಇಸವಿಯಲ್ಲಿ ಮಾಡಿದ ಒಂದು ಕಾರ್ಯದ ನಿಮಿತ್ತ ಲೋಕದ ಗಮನವನ್ನು ಸೆಳೆಯಿತು. ತನಗೆ ಬೇಕಾದ ವಿದ್ಯುಚ್ಛಕ್ತಿಯ ಬಹುಪಾಲನ್ನು ಅದು ಸೂರ್ಯನ ಬೆಳಕಿನಿಂದಲೇ ಪಡೆಯುವಂತಾಯಿತು. ಟೊಕೆಲಾವು ಸ್ವತಂತ್ರ ರಾಷ್ಟ್ರವಲ್ಲ, ನ್ಯೂಜಿಲೆಂಡಿನ ಆಶ್ರಯದಲ್ಲಿರುವ ನಾಡು. ಸ್ವಾಧೀನ ಆಡಳಿತದ ಪ್ರಶ್ನೆಯ ಮೇಲೆ 2006ರಲ್ಲಿಯೂ 2007ರಲ್ಲಿಯೂ ಜನರ ಮತವನ್ನು ಕೇಳಲಾಗಿ, ಮೂರರಲ್ಲಿ ಎರಡು ಪಾಲು ಮತಗಳು ಬೇಕೆಂಬ ನಿಯಮವಿದ್ದದರಿಂದ ಎರಡು ಸಾರಿಯೂ ಅದು ಸ್ವಲ್ಪದರಲ್ಲಿ ತಪ್ಪಿಹೋಯಿತು. ಆದರೂ ತುವಾಲು, ಕಿರಿಬಾಸ್, ಮಾಲ್ಡೀವ್ಸ್ ಮೊದಲಾದ ದ್ವೀಪರಾಷ್ಟ್ರಗಳ ಕಷ್ಟವೇ ಇದರ ಕಷ್ಟವೂ ಆಗಿರುವದರಿಂದ, ಒಂದನ್ನು ಚೆನ್ನಾಗಿ ನೋಡಿದರೆ ಉಳಿದವುಗಳ ಸ್ಥಿತಿ ತಿಳಿದುಬರುತ್ತದೆಂದು ನಾವು ಇದನ್ನು ಆರಿಸಿಕೊಂಡಿದ್ದೇವೆ.

ನಮ್ಮ ಶಾಲೆಯ ಬಂಧುಗಳಿಗೆ ಟೊಕೆಲಾವಿನವರು ಇನ್ನೊಂದು ಕಾರಣದಿಂದಲೂ ತೀರ ಅಪರಿಚಿತರಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸಮೋವಾದ ಉಪದೇಶಿಗಳು, ಲಂಡನ್ ಮಿಷನಿನ ಪರವಾಗಿ, ಅಟಾಫುವಿಗೆ ಸುವಾರ್ತೆಯನ್ನು ಕೊಂಡುಹೋದರು. ನುಕುನೋನು ರೋಮನ್ ಕಥೋಲಿಕ ಸಭೆಗೆ ಸೇರಿತು. ಫಕಾವೊಫೊದಲ್ಲಿ ಎರಡೂ ಸಭೆಗಳುಂಟು. ಅದೇ ಕಾಲದಲ್ಲಿ, 1863ರಲ್ಲಿ, ಪೆರು ದೇಶದ ಗುಲಾಮರ ಹಡಗುಗಳು ಬಂದು ಅಲ್ಲಿಯ ಜನರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯನ್ನು ಹಿಡಿದೊಯ್ದವು. ಹೊರಗಿನ ಹಡಗಿನಲ್ಲಿ ಏನು ಬರುತ್ತದೆಂಬದು ಆ ಜನರಿಗೆ ಆಗಿನಿಂದಲೂ ಜೀವನ್ಮರಣದ ಪ್ರಶ್ನೆಯಾಗಿದೆ.

ಇತ್ತೀಚಿನವರೆಗೆ ಆ ಹಡಗಿನಲ್ಲಿ ಬರುತ್ತಿದ್ದ ಮುಖ್ಯವಾದ ಸಾಮಾನುಗಳಲ್ಲಿ ಡೀಸೆಲ್ ಎಣ್ಣೆಯೂ ಒಂದಾಗಿತ್ತು. ಮನೆಯ ದೀಪ, ಆಸ್ಪತ್ರೆಯಲ್ಲಿ ಔಷಧಗಳನ್ನು ತಂಪಾಗಿಡುವ ಪೆಟ್ಟಿಗೆ, ಶಾಲೆಯ ಯಂತ್ರಗಳು, ಮೀನನ್ನು ಕೆಡದಂತೆ ಕಾಯುವ ಹಿಮಪೆಟ್ಟಿಗೆ, ಇವೆಲ್ಲವೂ ಎಣ್ಣೆಯ ಯಂತ್ರವೊಂದರ ಮೇಲೆಯೇ ಆತುಕೊಂಡಿದ್ದವು. ಎಣ್ಣೆಯ ಪೀಪಾಯಿಗಳನ್ನು ಹಡಗಿನಿಂದ ದೋಣಿಗೆ, ದೋಣಿಯಿಂದ ದಡಕ್ಕೆ ಇಳಿಸುವದು ಅಪಾಯದ ಕೆಲಸ. ಒಂದು ಪೀಪಾಯಿ ಒಡೆದರೂ ದ್ವೀಪದ ಉಂಗುರದೊಳಗಿನ ತಿಳಿಯಾದ ಕಡಲು ಕೆಟ್ಟು, ಮೀನಿಗೂ ಹವಳಕ್ಕೂ ಹಾನಿ. ವರ್ಷಕ್ಕೆ ಎಂಟು ಹತ್ತು ಲಕ್ಷ ನ್ಯೂಜಿಲೆಂಡ್ ಡಾಲರುಗಳು ಈ ಎಣ್ಣೆಗಾಗಿ ಹೊರಟುಹೋಗುತ್ತಿದ್ದವು. 1500 ಮಂದಿಯ ನಾಡಿಗೆ ಇದು ಎಂಥ ಹೊರೆಯೆಂಬದನ್ನು ಮನೆಯ ಖರ್ಚು ನೋಡಿಕೊಳ್ಳುವ ತಾಯಂದಿರಿಗೆ ನಾವು ವಿವರಿಸಬೇಕಾದದ್ದಿಲ್ಲ. ಹವೆ ಕೆಟ್ಟು ಹಡಗು ತಡವಾದರೆ ಹಣವಿದ್ದರೂ ಎಣ್ಣೆಯಿಲ್ಲ. ದೀಪಕ್ಕೆ ಎಣ್ಣೆ ಸಾಲದೆ ಹೋದ ಕನ್ನಿಕೆಯರ ಸಾಮ್ಯ ನಮ್ಮ ವಾಚಕರಿಗೆ ನೆನಪಾದೀತು. ಆದರೆ ಇಲ್ಲಿ ತಪ್ಪು ಕನ್ನಿಕೆಯರದಲ್ಲ, ಎಣ್ಣೆ ಮಾರುವವರೇ ಕಡಲಾಚೆಗಿದ್ದರು.

ನ್ಯೂಜಿಲೆಂಡ್ ಸರಕಾರದ ಹಣದ ಸಹಾಯದಿಂದ 2012ರಲ್ಲಿ ಕೆಲಸ ನಡೆಯಿತು. ಆ ವರ್ಷದ ಆಗಸ್ಟಿನಲ್ಲಿ ಫಕಾವೊಫೊ, ಅಕ್ಟೋಬರಿನೊಳಗೆ ಉಳಿದೆರಡು ದ್ವೀಪಗಳು ಸೂರ್ಯಶಕ್ತಿಗೆ ಬಂದವು. ಮೂರು ದ್ವೀಪಗಳಲ್ಲಿ ಒಟ್ಟು 4032 ಸೌರಫಲಕಗಳು, 1344 ಬ್ಯಾಟರಿಗಳು, 392 ಇನ್ವರ್ಟರುಗಳು ಸ್ಥಾಪಿಸಲ್ಪಟ್ಟವು. ಫಲಕಗಳ ಪೂರ್ಣ ಸಾಮರ್ಥ್ಯ ಒಂದು ಮೆಗಾವಾಟಿಗೆ ತುಸು ಕಡಿಮೆ.

ಇದು ನಡೆಯುವ ಬಗೆಯನ್ನು ತಿಳಿಯುವದು ಕಷ್ಟವಲ್ಲ. ಫಲಕದೊಳಗೆ ಸಿಲಿಕಾನ್ ಎಂಬ ಮೂಲವಸ್ತುವಿನ ತೆಳುವಾದ ಬಿಲ್ಲೆಗಳಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದಾಗ ಅಣುಗಳಲ್ಲಿರುವ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಒಂದೇ ದಿಕ್ಕಿಗೆ ಹರಿಯುತ್ತವೆ. ಆ ಹರಿವೇ ವಿದ್ಯುತ್ತು. ಶಾಖದಿಂದಲ್ಲ, ಬೆಳಕಿನಿಂದಲೇ ಇದು ಹುಟ್ಟುತ್ತದೆಂಬದನ್ನು ವಾಚಕರು ಗಮನಿಸಬೇಕು; ಬಿಸಿಲಿನ ತಾಪ ಮಿತಿಮೀರಿದರೆ ಫಲಕದ ಕೆಲಸ ತಗ್ಗುವದೇ ಹೊರತು ಹೆಚ್ಚುವದಿಲ್ಲ. ಹೀಗೆ ಹುಟ್ಟಿದ ವಿದ್ಯುತ್ತು ಒಂದೇ ಕಡೆಗೆ ಹರಿಯುವಂಥದು. ಮನೆಯ ಉಪಕರಣಗಳಿಗೆ ಹಿಂದೆ ಮುಂದೆ ಆಂದೋಲಿಸುವ ವಿದ್ಯುತ್ತು ಬೇಕು. ಈ ಬದಲಾವಣೆಯನ್ನು ಇನ್ವರ್ಟರು ಮಾಡುತ್ತದೆ. ಹಗಲಿನಲ್ಲಿ ಉಳಿದದ್ದು ಬ್ಯಾಟರಿಗಳಿಗೆ ತುಂಬುತ್ತದೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮನೆಮನೆಯಲ್ಲಿ ಉರಿಯುವ ದೀಪ ಮಧ್ಯಾಹ್ನದ ಬೆಳಕೇ. ಮೋಡ ಮುಚ್ಚಿ ದಿನಗಳು ಕಳೆದು ಬ್ಯಾಟರಿಗಳು ಬರಿದಾಗುತ್ತಾ ಬಂದರೆ ಮಾತ್ರ ಎಣ್ಣೆಯ ಯಂತ್ರವನ್ನು ನಡಿಸುವದು. ಆ ಯಂತ್ರಕ್ಕೂ ಡೀಸೆಲಿಗೆ ಬದಲಾಗಿ ದ್ವೀಪದ ತೆಂಗಿನೆಣ್ಣೆಯನ್ನೇ ಹಾಕಬೇಕೆಂಬ ಆಲೋಚನೆ ಮೊದಲಲ್ಲಿ ಇತ್ತು. ಕೇಳುವದಕ್ಕೆ ಇದು ಸೊಗಸು. ಆದರೆ ಕಾಯಿ ಕೊಯ್ದು, ಸುಲಿದು, ಒಣಗಿಸಿ, ಗಾಣಕ್ಕೆ ಹಾಕುವ ಶ್ರಮವನ್ನು ಬಲ್ಲ ನಮ್ಮ ಕರಾವಳಿಯವರು, ಅಷ್ಟು ಜನರಲ್ಲಿ ಅಷ್ಟು ಕೈಗಳು ಎಲ್ಲಿಂದ ಬಂದಾವೆಂದು ಕೇಳದೆ ಇರಲಾರರು.

ಇನ್ನು ಬ್ಯಾಟರಿಗಳ ವಿಷಯ. ನಮ್ಮ ಅಭಿಪ್ರಾಯದಲ್ಲಿ ಈ ಕಾರ್ಯದ ಕಠಿಣವಾದ ಭಾಗ ಇದೇ. ಫಲಕವು ಇಪ್ಪತ್ತು ಇಪ್ಪತ್ತೈದು ವರ್ಷ ಬಾಳಬಹುದು. ಸೀಸದ ಬ್ಯಾಟರಿಯು ಅದರ ಅರ್ಧ ಕಾಲ ಬಾಳಿದರೆ ಹೆಚ್ಚು, ಸೆಕೆಯ ನಾಡಿನಲ್ಲಿ ಇನ್ನೂ ಕಡಿಮೆ. ಸಾಲದ್ದಕ್ಕೆ ಉಪ್ಪುಗಾಳಿಯು ತಂತಿಯ ಕೂಡಣೆಗಳನ್ನೂ ಮೊಳೆಗಳನ್ನೂ ತಿನ್ನುತ್ತದೆ. ಸತ್ತ ಬ್ಯಾಟರಿಯನ್ನು ಅಲ್ಲಿ ಹೂಳುವಂತಿಲ್ಲ. ಯಾಕಂದರೆ ಸೀಸವು ವಿಷ, ಹವಳದ ನೆಲ ಜಾಳುಜಾಳು, ಅದರ ಕೆಳಗೆ ಉಪ್ಪುನೀರಿನ ಮೇಲೆ ತೇಲುತ್ತಿರುವ ಸಿಹಿನೀರಿನ ಪದರ ಬಹು ತೆಳುವು. ಆದಕಾರಣ ಬಂದ ಹಡಗಿನಲ್ಲಿಯೇ ಅದನ್ನು ಹಿಂದಕ್ಕೆ ಕಳುಹಿಸಬೇಕು. ಸೂರ್ಯನ ಬೆಳಕಿಗೆ ಬೆಲೆಯಿಲ್ಲ, ಆದರೆ ಅದನ್ನು ರಾತ್ರಿಯವರೆಗೆ ಇಟ್ಟುಕೊಳ್ಳುವದಕ್ಕೆ ಬೆಲೆಯುಂಟು.

ಮತ್ತೊಂದು ಸಂಗತಿಯನ್ನು ಯೋಜನೆ ಮಾಡಿದವರು ಸಾಕಷ್ಟು ಎಣಿಸಿರಲಿಲ್ಲವೆಂದು ತೋರುತ್ತದೆ. ಹಗಲಿರುಳು ವಿದ್ಯುತ್ತು ದೊರೆಯತೊಡಗಿದ ಮೇಲೆ ಮನೆಗಳಲ್ಲಿ ಹಿಮಪೆಟ್ಟಿಗೆಗಳೂ ಬೇರೆ ಉಪಕರಣಗಳೂ ಹೆಚ್ಚಿದವು. ಬೇಡಿಕೆ ಫಲಕಗಳ ಶಕ್ತಿಯನ್ನು ಮೀರುತ್ತಾ ಬಂದು ಎಣ್ಣೆಯ ಯಂತ್ರ ಮತ್ತೆ ಹೆಚ್ಚು ಹೊತ್ತು ನಡೆಯಬೇಕಾಯಿತು. ಮುಂದೆ ಹೊಸ ಫಲಕಗಳನ್ನೂ ಲಿಥಿಯಂ ಬ್ಯಾಟರಿಗಳನ್ನೂ ಕೂಡಿಸುವ ಕೆಲಸವನ್ನು ಕೈಕೊಂಡರು. ಇದಕ್ಕಾಗಿ ಆ ಜನರನ್ನು ದುಂದುಗಾರರೆಂದು ಹೀಗಳೆಯುವದು ನಮಗೆ ಸರಿಯೆಂದು ತೋರುವದಿಲ್ಲ. ಹಿಡಿದ ಮೀನು ಕೊಳೆಯದಂತೆ ಇಡಬೇಕೆಂಬ ಆಶೆ ಭೋಗವಲ್ಲ.

ಮೀನಿನ ಮಾತು ಬಂದದ್ದರಿಂದ ಅಲ್ಲಿಯ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗಲಾರೆವು. ಅದಕ್ಕೆ ಇನಾತಿ ಎಂದು ಹೆಸರು. ಊರವರು ಒಟ್ಟಾಗಿ ಹಿಡಿದು ತಂದ ಮೀನನ್ನು ದಡದಲ್ಲಿ ಸುರಿದು, ಊರಿನ ಸಕಲ ಕುಟುಂಬಗಳಿಗೂ ಪಾಲು ಹಾಕುತ್ತಾರೆ. ದೋಣಿಯಲ್ಲಿ ಹೋದವನಿಗೂ ಹೋಗಲಾರದ ಮುದುಕಿಗೂ ವಿಧವೆಗೂ ಪಾಲುಂಟು. ಪ್ರತಿ ದ್ವೀಪದ ಕಾರ್ಯಗಳನ್ನು ಹಿರಿಯರ ಸಭೆ ನಡಿಸುತ್ತದೆ. ಸೂರ್ಯಶಕ್ತಿಯ ಕೆಲಸ ಕೆಲವೇ ತಿಂಗಳುಗಳಲ್ಲಿ ಮುಗಿದದ್ದಕ್ಕೆ ಯಂತ್ರಜ್ಞರ ಜಾಣತನದ ಜೊತೆಗೆ ಈ ಕೂಡುಬಾಳಿನ ಅಭ್ಯಾಸವೂ ಕಾರಣವೆಂದು ನಾವು ಎಣಿಸುತ್ತೇವೆ.

ನಮ್ಮ ದೇಶಕ್ಕೂ ಪೆಸಿಫಿಕ್ ದ್ವೀಪಗಳಿಗೂ ಈ ವಿಷಯದಲ್ಲಿ ಒಂದು ಸಂಬಂಧವುಂಟು. ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯ ಬೇರ್‌ಫುಟ್ ಕಾಲೇಜಿಗೆ ಫಿಜಿ ಮೊದಲಾದ ದ್ವೀಪಗಳ ಹಳ್ಳಿಯ ಸ್ತ್ರೀಯರು ಬಂದು, ಆರು ತಿಂಗಳು ಇದ್ದು, ಸೌರದೀಪಗಳನ್ನು ಜೋಡಿಸುವದನ್ನೂ ಕೆಟ್ಟರೆ ದುರಸ್ತು ಮಾಡುವದನ್ನೂ ಕಲಿತು ಹೋಗಿದ್ದಾರೆ. ಅವರಲ್ಲಿ ಅನೇಕರು ಮೊಮ್ಮಕ್ಕಳನ್ನು ಕಂಡ ಅಜ್ಜಿಯರು, ಶಾಲೆಯ ವಿದ್ಯೆ ಅಲ್ಪವೇ ಆದವರು. ಕಲಿಸುವವರ ಭಾಷೆ ಅವರಿಗೆ ಬಾರದು. ಬಣ್ಣದ ಗುರುತುಗಳಿಂದಲೂ ಕೈಸನ್ನೆಯಿಂದಲೂ ಪಾಠ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಗಣಿತವೂ ವಿಜ್ಞಾನವೂ ಯಾತಕ್ಕೆ ಎಂದು ಕೇಳುವ ಪೋಷಕರು ಈಗಲೂ ಒಬ್ಬಿಬ್ಬರು ಇದ್ದರೆ, ಈ ಅಜ್ಜಿಯರ ಸಮಾಚಾರವನ್ನು ಅವರಿಗೆ ಓದಿ ಹೇಳಬಹುದು.

ಟೊಕೆಲಾವಿನ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಸುಮಾರು ಐದು ಮೀಟರು ಮಾತ್ರ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಲೋಕದ ಹವೆಯನ್ನು ಬಿಸಿ ಮಾಡಿದವರಲ್ಲಿ ಈ ಜನರ ಪಾಲು ಲೆಕ್ಕಕ್ಕೆ ಸಿಕ್ಕದು. ಸಣ್ಣ ದ್ವೀಪರಾಷ್ಟ್ರಗಳೆಲ್ಲವೂ ಕೂಡಿ ನೂರಕ್ಕೆ ಒಂದು ಪಾಲನ್ನೂ ಮುಟ್ಟುವದಿಲ್ಲ. ಅವರು ಎಣ್ಣೆಯನ್ನು ಬಿಟ್ಟ ಮಾತ್ರದಿಂದ ಸಮುದ್ರ ಏರುವದು ನಿಲ್ಲಲಾರದು, ಇದು ಅವರಿಗೂ ತಿಳಿದದ್ದೇ. ನೆರೆಯ ತುವಾಲು 2023ರಲ್ಲಿ ಆಸ್ಟ್ರೇಲಿಯಾದೊಡನೆ ಒಂದು ಒಪ್ಪಂದಕ್ಕೆ ರುಜು ಹಾಕಿತು. ಅದರ ಪ್ರಕಾರ ವರ್ಷಕ್ಕೆ 280 ಮಂದಿ ಆ ದೇಶಕ್ಕೆ ಹೋಗಿ ನೆಲಸಬಹುದು. ಟೊಕೆಲಾವಿನವರಿಗೆ ಒಪ್ಪಂದದ ಅಗತ್ಯವಿಲ್ಲ, ಅವರು ನ್ಯೂಜಿಲೆಂಡಿನ ಪ್ರಜೆಗಳು. ಊರಲ್ಲಿ ಇರುವವರಿಗಿಂತ ಹಲವು ಪಾಲು ಹೆಚ್ಚು ಮಂದಿ ಈಗಾಗಲೇ ಅಲ್ಲಿ ನೆಲಸಿದ್ದಾರೆ. ಉಳಿದ 1500 ಮಂದಿ ತಮ್ಮ ತೆಂಗಿನ ಮರಗಳ ನಡುವೆ ಸಾಲಾಗಿ ನಿಲ್ಲಿಸಿದ ಫಲಕಗಳನ್ನು ತೊಳೆದು, ಉಪ್ಪು ತಿಂದ ಮೊಳೆಗಳನ್ನು ಬದಲಿಸಿ, ಮುಂದಿನ ಹಡಗಿನಲ್ಲಿ ಬರಬೇಕಾದ ಬಿಡಿಭಾಗಗಳ ಪಟ್ಟಿಯನ್ನು ಬರೆದು ಆಪಿಯಾಕ್ಕೆ ಕಳುಹಿಸುತ್ತಾ ಇದ್ದಾರೆ.